ಕುದುರೆಯ ಗೊರಸಿನಲ್ಲಿ ಕೀವು: ಗುರುತಿಸುವ ಬಗೆ, ಗುಣಪಡಿಸುವ ಬಗೆ

ಕುದುರೆಯ ಬಲವೆಲ್ಲ ಕಡೆಗೆ ನಿಲ್ಲುವುದು ಅದರ ಗೊರಸಿನ ಮೇಲೆ. 300ರಿಂದ 400 ಕಿಲೋಗ್ರಾಂ ತೂಗುವ ಪ್ರಾಣಿಯೊಂದು ತನ್ನ ಮೈಭಾರವನ್ನೂ ಬೆನ್ನ ಮೇಲಿನ ಸವಾರನ ಭಾರವನ್ನೂ ಅಂಗೈ ಅಗಲದ ನಾಲ್ಕು ಗೊರಸುಗಳ ಮೇಲೆ ಹೊತ್ತು ದಿನವಿಡೀ ನಡೆಯುತ್ತದೆ. ಈ ನಾಲ್ಕರಲ್ಲಿ ಒಂದು ಕೆಟ್ಟರೂ ಉಳಿದ ಮೂರರಿಂದ ಕೆಲಸ ಸಾಗದು. ಗೊರಸಿಗೆ ಬರುವ ತೊಂದರೆಗಳಲ್ಲಿ ಅತಿ ಸಾಮಾನ್ಯವಾದದ್ದು, ನೋಡುವವರನ್ನು ಅತಿಯಾಗಿ ಗಾಬರಿಗೊಳಿಸುವಂಥದು, ಆದರೂ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬೇಗ ಗುಣವಾಗುವಂಥದು ಗೊರಸಿನೊಳಗೆ ಕೀವು ಕಟ್ಟುವಿಕೆ. ಇದರ ಸ್ವರೂಪ, ಲಕ್ಷಣ, ಚಿಕಿತ್ಸೆ ಹಾಗೂ ತಡೆಗಟ್ಟುವ ಕ್ರಮಗಳನ್ನು ಸಾಮಾನ್ಯ ಜನರಿಗೆ ತಿಳಿಯುವಂತೆ ವಿವರಿಸುವುದು ಈ ಭಾಷಣದ ಉದ್ದೇಶ.

ಯಂತ್ರವಾಹನಗಳ ಈ ಕಾಲದಲ್ಲಿ ಕುದುರೆಯ ಮಾತೇಕೆ ಎಂದು ಶ್ರೋತೃಗಳಲ್ಲಿ ಕೆಲವರಿಗೆ ಅನ್ನಿಸಬಹುದು. ಕುದುರೆಗಳ ಸಂಖ್ಯೆ ಕುಗ್ಗುತ್ತಿರುವುದು ನಿಜ. 2019ರ 20ನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ, 2012ರ ಗಣತಿಗೆ ಹೋಲಿಸಿದರೆ ಇದು ಶೇಕಡಾ 45ಕ್ಕೂ ಹೆಚ್ಚಿನ ಇಳಿಕೆ. ಮುಂಬಯಿಯಲ್ಲಿ ವಿಹಾರಕ್ಕೆಂದು ಓಡುತ್ತಿದ್ದ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು ಅಲ್ಲಿನ ಉಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು. ಆದರೂ ಕುದುರೆ ನಮ್ಮ ನಡುವಿನಿಂದ ಮರೆಯಾಗಿಲ್ಲ. ಮುಂಬಯಿ, ಪುಣೆಗಳ ಕನ್ನಡಿಗರು ರಜೆಯಲ್ಲಿ ಹೋಗಿಬರುವ ಮಾಥೇರಾನಿನಲ್ಲಿ, ಚೆನ್ನೈಯ ಮರೀನಾ ಕಡಲತೀರದಲ್ಲಿ, ದೆಹಲಿಯ ಮದುವೆಯ ಮೆರವಣಿಗೆಗಳಲ್ಲಿ, ಉತ್ತರ ಭಾರತದ ಇಟ್ಟಿಗೆಗೂಡುಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ. ಸಾಮಾನ್ಯವಾಗಿ ಇಂಥ ಕುದುರೆಯ ಒಡೆಯ ಬಡವ. ಒಂದೋ ಎರಡೋ ಪ್ರಾಣಿಗಳೇ ಅವನ ಕುಟುಂಬದ ಆಧಾರ.

ಮಾಥೇರಾನಿನ ನಿದರ್ಶನವನ್ನೇ ತೆಗೆದುಕೊಳ್ಳಬಹುದು. ರಾಯಗಡ ಜಿಲ್ಲೆಯ ಈ ಗಿರಿಧಾಮದೊಳಗೆ ಸಾಮಾನ್ಯ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದಿರುವುದರಿಂದ ಪ್ರವಾಸಿಗಳನ್ನೂ ಸಾಮಾನನ್ನೂ ಸಾಗಿಸುವುದರಲ್ಲಿ ಕುದುರೆಗೆ ದೊಡ್ಡ ಪಾಲಿದೆ. ಸಹ್ಯಾದ್ರಿಯ ಮಳೆಗೆ ಇಲ್ಲಿನ ಕೆಮ್ಮಣ್ಣಿನ ದಾರಿಗಳು ತಿಂಗಳುಗಟ್ಟಲೆ ಕೆಸರಾಗಿರುತ್ತವೆ. ಮಳೆಗಾಲ ಕಳೆದು, ದೀಪಾವಳಿಯ ಪ್ರವಾಸಿಗಳು ಬರತೊಡಗುವ ಹೊತ್ತಿಗೆ ನೆಲ ಒಣಗಿ ಗಟ್ಟಿಯಾಗುತ್ತದೆ. ಸಂಪಾದನೆಯ ದಿನಗಳು ಬಂದುವೆಂದು ಕುದುರೆಯವನು ಬೆಳಗ್ಗೆ ಲಾಯಕ್ಕೆ ಬಂದು ನೋಡಿದರೆ, ಹಿಂದಿನ ಸಂಜೆ ಚೆನ್ನಾಗಿಯೇ ನಡೆದಿದ್ದ ಕುದುರೆ ಮುಂಗಾಲೊಂದನ್ನು ನೆಲಕ್ಕೆ ಊರಲಾರದೆ, ಗೊರಸಿನ ತುದಿಯನ್ನು ಮಾತ್ರ ತಾಗಿಸಿಕೊಂಡು ನಿಂತಿರುತ್ತದೆ. ಗಾಯ ಕಾಣದು, ರಕ್ತ ಕಾಣದು. ಕಾಲೇ ಮುರಿಯಿತೋ ಏನೋ ಎಂದು ಅವನ ಎದೆ ಒಡೆಯುತ್ತದೆ.

ಇಂಥ ಗಳಿಗೆಯಲ್ಲಿ ಮೂರು ತಪ್ಪುಗಳು ನಡೆಯುವ ಸಂಭವವುಂಟು. ನಡೆಯುತ್ತಾ ಸರಿಹೋದೀತೆಂದು ಕುದುರೆಯನ್ನು ಕೆಲಸಕ್ಕೆ ಹೊರಡಿಸುವುದು ಒಂದು. ಸಿಕ್ಕಿದ ಚಾಕುವಿನಿಂದ ಗೊರಸನ್ನು ಕೆತ್ತಿ ಕೀವನ್ನು ಹುಡುಕುವುದು ಎರಡನೆಯದು. ಇನ್ನು ಇದು ಉಪಯೋಗಕ್ಕಿಲ್ಲವೆಂದು ಪ್ರಾಣಿಯನ್ನು ಅಗ್ಗಕ್ಕೆ ಮಾರಿಬಿಡುವುದು ಅಥವಾ ಬೀದಿಗೆ ಬಿಡುವುದು ಮೂರನೆಯದು. ಹೀಗೆ ಹಠಾತ್ತಾಗಿ, ತೀವ್ರವಾಗಿ ಕುಂಟುವ ಕುದುರೆಗಳಲ್ಲಿ ಬಹಳಷ್ಟಕ್ಕೆ ಕಾರಣ ಮೂಳೆಮುರಿತವಲ್ಲ, ಗೊರಸಿನೊಳಗಿನ ಕೀವು ಎಂಬುದು ತಿಳಿದಿದ್ದರೆ ಈ ಮೂರು ತಪ್ಪುಗಳನ್ನೂ ತಪ್ಪಿಸಬಹುದು.

ಸ್ವಲ್ಪ ಕೀವು ಇಷ್ಟೊಂದು ನೋವನ್ನು ಹೇಗೆ ಉಂಟುಮಾಡುತ್ತದೆ ಎಂಬುದನ್ನು ತಿಳಿಯಲು ಗೊರಸಿನ ರಚನೆಯನ್ನು ಅರಿಯಬೇಕು. ಗೊರಸಿನ ಹೊರಭಾಗವು ಮನುಷ್ಯನ ಉಗುರಿನಂತೆಯೇ ಕೊಂಬಿನಂಥ ಗಟ್ಟಿ ಪದಾರ್ಥದಿಂದ ಆದದ್ದು. ಅದರಲ್ಲಿ ನರಗಳಿಲ್ಲ, ರಕ್ತವಿಲ್ಲ; ಆದ್ದರಿಂದಲೇ ಲಾಳದ ಮೊಳೆಯನ್ನು ಸರಿಯಾದ ಜಾಗದಲ್ಲಿ ಹೊಡೆದರೆ ಕುದುರೆಗೆ ನೋವಾಗದು. ಈ ಚಿಪ್ಪಿನೊಳಗೆ ಮಾತ್ರ ರಕ್ತನಾಳಗಳೂ ನರಗಳೂ ತುಂಬಿದ ಜೀವಂತ ಅಂಗಾಂಶವಿದೆ. ಅದಕ್ಕೂ ಒಳಗೆ ಗೊರಸಿನ ಮೂಳೆಯಿದೆ. ಗೊರಸನ್ನು ಎತ್ತಿ ತಳವನ್ನು ನೋಡಿದರೆ ಸುತ್ತಲಿನ ಗೋಡೆಯೂ ನಡುವಿನ ಅಡಿಯೂ ಕೂಡುವಲ್ಲಿ ತೆಳುವಾದ, ಬಿಳಿ ಅಥವಾ ಹಳದಿ ಛಾಯೆಯ ಗೆರೆಯೊಂದು ಕಾಣುತ್ತದೆ. ಕೋಟೆಯ ಗೋಡೆಯಲ್ಲಿ ದಿಡ್ಡಿಬಾಗಿಲಿದ್ದಂತೆ, ಇದೇ ಗೊರಸಿನ ದುರ್ಬಲ ಸ್ಥಾನ.

ಬಹಳ ದಿನ ಒದ್ದೆಯಲ್ಲಿ ನಿಂತ ಗೊರಸು ಮೆತ್ತಗಾಗುತ್ತದೆ; ಆಮೇಲೆ ಒಣಗಿದಾಗ ಬಿರುಕು ಬಿಡುತ್ತದೆ. ಈ ಬಿರುಕಿನ ಮೂಲಕ ಮಣ್ಣು, ಮರಳು, ಲದ್ದಿ ಹಾಗೂ ಅವುಗಳೊಂದಿಗೆ ರೋಗಾಣುಗಳು ಒಳಸೇರುತ್ತವೆ. ಚೂಪಾದ ಕಲ್ಲು ಒತ್ತಿ ಆದ ಜಜ್ಜುಗಾಯ, ತುಕ್ಕುಹಿಡಿದ ಮೊಳೆ ಅಥವಾ ತಂತಿಯ ಚುಚ್ಚುವಿಕೆ, ಜೀವಂತ ಭಾಗಕ್ಕೆ ತಾಗುವಂತೆ ಹೊಡೆದ ಲಾಳದ ಮೊಳೆ, ಕಾಲಕಾಲಕ್ಕೆ ಕತ್ತರಿಸದೆ ಅತಿಯಾಗಿ ಬೆಳೆದ ಗೊರಸು ಇವೂ ಕಾರಣಗಳಾಗುತ್ತವೆ. ಒಳಹೊಕ್ಕ ರೋಗಾಣುಗಳೊಡನೆ ದೇಹವು ಹೋರಾಡುವಾಗ ಕೀವು ಉಂಟಾಗುತ್ತದೆ. ಮೈಯ ಬೇರೆಡೆ ಕುರುವಾದರೆ ಚರ್ಮ ಉಬ್ಬಿ ಜಾಗ ಕೊಡುತ್ತದೆ. ಗೊರಸಿನ ಚಿಪ್ಪು ಉಬ್ಬಲಾರದು. ಹೀಗಾಗಿ ಅಲ್ಪ ಪ್ರಮಾಣದ ಕೀವೂ ಒಳಗಿನ ನರಗಳನ್ನು ಒತ್ತಿ ಅಸಹನೀಯವಾದ ವೇದನೆಯನ್ನು ತರುತ್ತದೆ. ಉಗುರಿನಡಿ ಕೀವಾಗಿ ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಈ ನೋವಿನ ಅಳತೆ ಗೊತ್ತು. ಹಾಗಾಗಿ ಈ ರೋಗದ ಚಿಕಿತ್ಸೆಯ ಸಾರ ಒಂದೇ: ಒಳಗಿನ ಕೀವಿಗೆ ಹೊರಬರಲು ದಾರಿ ಮಾಡಿಕೊಡಬೇಕು; ಆ ದಾರಿಯ ಮೂಲಕ ಮತ್ತೆ ಕೊಳೆ ಒಳಹೋಗದಂತೆ ಕಾಯಬೇಕು.

ಲಕ್ಷಣಗಳನ್ನು ಒಡೆಯನೇ ಪರೀಕ್ಷಿಸಬಹುದು. ಕುಂಟುವ ಕಾಲಿನ ಗೊರಸನ್ನೂ ಅದರ ಜೋಡಿ ಕಾಲಿನ ಗೊರಸನ್ನೂ ಅಂಗೈಯಿಂದ ಮುಟ್ಟಿ ಹೋಲಿಸಿದರೆ ರೋಗವಿರುವ ಗೊರಸು ಹೆಚ್ಚು ಬಿಸಿಯಾಗಿರುತ್ತದೆ. ಗೊರಸಿನ ಮೇಲಿರುವ ಗಿಣ್ಣಿನ ಹಿಂಬದಿಯಲ್ಲಿ ಎರಡೂ ಪಕ್ಕಕ್ಕೆ ಬೆರಳಿಟ್ಟರೆ ನಾಡಿಬಡಿತ ಸಿಗುತ್ತದೆ. ಆರೋಗ್ಯವಾದ ಕಾಲಿನಲ್ಲಿ ಅದು ಹುಡುಕಬೇಕಾದಷ್ಟು ಮೃದು, ರೋಗದ ಕಾಲಿನಲ್ಲಿ ಬೆರಳನ್ನು ತಳ್ಳುವಷ್ಟು ಬಲವಾಗಿರುತ್ತದೆ. ಕೆಲವೊಮ್ಮೆ ಕಾಲಿನ ಕೆಳಭಾಗ ಬಾತುಕೊಳ್ಳುವುದೂ ಉಂಟು. ಕುದುರೆಯ ಸಾಮಾನ್ಯ ದೇಹೋಷ್ಣ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚು ಜ್ವರವಿದ್ದರೆ, ಬಾವು ಮೇಲಕ್ಕೇರುತ್ತಿದ್ದರೆ, ಕಾಲು ಸೊಟ್ಟಾಗಿ ಕಂಡರೆ, ಕೀಲಿನ ಹತ್ತಿರ ಗಾಯವಿದ್ದರೆ ಒಂದು ಗಂಟೆಯನ್ನೂ ಕಳೆಯದೆ ವೈದ್ಯರನ್ನು ಕರೆಸಬೇಕು. ಮೂಳೆಮುರಿತ, ಕೀಲಿನ ಸೋಂಕು, ಗೊರಸಿನೊಳಗಿನ ಪದರಗಳ ಉರಿಯೂತ ಮುಂತಾದವೂ ಇದೇ ರೀತಿ ಕುಂಟುವಂತೆ ಮಾಡಬಲ್ಲವು. ಅವುಗಳನ್ನು ಬೇರ್ಪಡಿಸಿ ಹೇಳಬಲ್ಲವರು ಪಶುವೈದ್ಯರೇ.

ವೈದ್ಯರು ಬರುವವರೆಗೆ ಮಾಡಬೇಕಾದ ಕೆಲಸ ಸರಳ. ಕುದುರೆಯನ್ನು ಒಣಗಿದ, ಮೆತ್ತನೆಯ ನೆಲದ ಮೇಲೆ ನಿಲ್ಲಿಸಿ ಪೂರ್ಣ ವಿಶ್ರಾಂತಿ ಕೊಡಬೇಕು. ನೀರು, ಮೇವು ಹತ್ತಿರದಲ್ಲೇ ಇರಲಿ. ಗೊರಸಿನ ತಳವನ್ನು ಮೆಲ್ಲಗೆ ಶುಚಿಗೊಳಿಸಿ, ಚುಚ್ಚಿದ ಗುರುತು, ಕಪ್ಪು ಚುಕ್ಕೆ, ದುರ್ವಾಸನೆ ಇವೆಯೇ ಎಂದು ನೋಡಬೇಕು. ನೋವಿನಲ್ಲಿರುವ ಸಾಧುಪ್ರಾಣಿಯೂ ಒದೆಯಬಲ್ಲುದು. ಆದುದರಿಂದ ಮತ್ತೊಬ್ಬರು ತಲೆಯ ಬಳಿ ಹಿಡಿದುಕೊಂಡಿರುವಾಗ ಮಾತ್ರ ಕಾಲನ್ನು ಎತ್ತಬೇಕು.

ತಳದಲ್ಲಿ ಮೊಳೆ ನೆಟ್ಟಿರುವುದು ಕಂಡರೆ ಅದನ್ನು ಕಿತ್ತೆಸೆಯಬೇಕೆಂಬ ಆತುರ ಸಹಜ. ಆದರೆ ಮೊಳೆ ಇದ್ದಲ್ಲೇ ಇದ್ದರೆ ಅದು ಯಾವ ದಿಕ್ಕಿನಲ್ಲಿ, ಎಷ್ಟು ಆಳಕ್ಕೆ ಹೋಗಿದೆಯೆಂದು ಎಕ್ಸ್-ರೇ ಚಿತ್ರದಿಂದ ವೈದ್ಯರಿಗೆ ಸ್ಪಷ್ಟವಾಗುತ್ತದೆ. ಗೊರಸಿನ ತಳದ ನಡುವೆ ತ್ರಿಕೋನಾಕಾರದ ಮೆತ್ತನೆಯ ಭಾಗವೊಂದಿದೆ. ಅಲ್ಲಿ ಅಥವಾ ಅದರ ಪಕ್ಕದಲ್ಲಿ ಆಳವಾಗಿ ಚುಚ್ಚಿದ ಮೊಳೆಯು ಒಳಗಿನ ಕೀಲನ್ನೂ ಸ್ನಾಯುರಜ್ಜುವನ್ನೂ ತಲುಪಿರಬಹುದು. ಅದು ಕುದುರೆಯ ಜೀವಕ್ಕೇ ಅಪಾಯ ತರುವ ಗಾಯ. ಆದ್ದರಿಂದ ವೈದ್ಯರು ಬೇಗ ಬರುವಂತಿದ್ದರೆ ಮೊಳೆ ಇನ್ನೂ ಒಳಹೋಗದಂತೆ ಸುತ್ತ ಬಟ್ಟೆಯ ದಪ್ಪ ಮೆತ್ತೆ ಕಟ್ಟಿ, ಕುದುರೆಯನ್ನು ಅಲುಗಾಡಿಸದೆ ನಿಲ್ಲಿಸಬೇಕು. ವೈದ್ಯರು ಬರುವುದು ತಡವಾಗಿ, ಕುದುರೆ ಕಾಲಿಡುತ್ತಲೇ ಇದ್ದರೆ, ದೂರವಾಣಿಯಲ್ಲಿ ಅವರ ಸಲಹೆ ಪಡೆದು, ಚುಚ್ಚಿದ ಸ್ಥಳದ ಛಾಯಾಚಿತ್ರ ತೆಗೆದು, ಗುರುತು ಹಾಕಿ, ಬಳಿಕ ಮೊಳೆಯನ್ನು ನೇರವಾಗಿ ತೆಗೆದು ಜೋಪಾನವಾಗಿಡಬೇಕು.

ವೈದ್ಯರು ಅಥವಾ ಅವರ ಸೂಚನೆಯಂತೆ ನುರಿತ ಲಾಳಗಾರರು ಮೊದಲು ಲಾಳವನ್ನು ತೆಗೆಯುತ್ತಾರೆ. ಬಳಿಕ ಗೊರಸನ್ನು ಒತ್ತಿ ನೋಡುವ ಇಕ್ಕಳದಿಂದ ಅಂಗುಲ ಅಂಗುಲವಾಗಿ ಒತ್ತುತ್ತಾ ಬರುತ್ತಾರೆ. ಕೀವಿರುವ ಜಾಗ ಬಂದಾಗ ಕುದುರೆ ಕಾಲನ್ನು ಸೆಳೆದುಕೊಳ್ಳುತ್ತದೆ. ಅಲ್ಲಿ ತೆಳುವಾಗಿ ಕೆತ್ತಿದಾಗ, ಹೆಚ್ಚಾಗಿ ಬಿಳಿಯ ಗೆರೆಯ ಬಳಿಯೇ, ಕಪ್ಪು ಎಳೆಯಂಥ ಜಾಡು ಕಾಣಿಸುತ್ತದೆ. ಗೊರಸು ಕೆತ್ತುವ ಸಣ್ಣ ಚಾಕುವಿನಿಂದ ಆ ಜಾಡನ್ನು ಅನುಸರಿಸಿ ಹೋದರೆ ಬೂದು ಅಥವಾ ಕಪ್ಪು ಬಣ್ಣದ, ದುರ್ವಾಸನೆಯ ಕೀವು ಹೊರಬರುತ್ತದೆ. ಒತ್ತಡ ಇಳಿದೊಡನೆ ನೋವೂ ಇಳಿಯುತ್ತದೆ. ಬೆಳಗ್ಗೆ ಮೂರು ಕಾಲಿನ ಮೇಲೆ ನಿಂತಿದ್ದ ಪ್ರಾಣಿ ಒಂದೆರಡು ದಿನಗಳಲ್ಲೇ ನಾಲ್ಕನೆಯದನ್ನು ಊರುವುದು ಈ ಚಿಕಿತ್ಸೆಯಲ್ಲಿ ಅಪರೂಪವಲ್ಲ.

ಇಲ್ಲಿ ಕೌಶಲವಿರುವುದು ರಂಧ್ರದ ಅಳತೆಯಲ್ಲಿ. ಕೀವು ಹರಿದುಬರುವಷ್ಟು ಮಾತ್ರ ತೆರವು ಬೇಕು, ಅದಕ್ಕಿಂತ ಹೆಚ್ಚು ಬೇಡ. ಕೀವು ಸಿಗಲಿಲ್ಲವೆಂದು ಅಡಿಯನ್ನೆಲ್ಲ ಅಗೆದರೆ ಒಳಗಿನ ಜೀವಂತ ಅಂಗಾಂಶ ಹೊರಗೆ ಉಬ್ಬಿಬಂದು, ಒಂದು ವಾರದಲ್ಲಿ ಮುಗಿಯಬೇಕಾಗಿದ್ದ ತೊಂದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಳಿಯದ ಕುರುವನ್ನು ಹಿಂಡಬಾರದೆಂಬ ಮನೆಯ ಹಿರಿಯರ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಜಾಡು ಸಿಗದಿದ್ದರೆ ವೈದ್ಯರು ಗೊರಸನ್ನು ಮೆತ್ತಗಾಗಿಸುವ ಪಟ್ಟು ಕಟ್ಟಿಸಿ, ಒಂದೆರಡು ದಿನಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ.

ಮುಂದಿನ ಶುಶ್ರೂಷೆ ಒಡೆಯನ ಕೈಯಲ್ಲಿರುತ್ತದೆ. ವೈದ್ಯರು ಹೇಳಿದಂತೆ ಉಗುರುಬೆಚ್ಚನೆಯ ನೀರಿಗೆ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿ, ಗೊರಸನ್ನು ದಿನಕ್ಕೆ ಒಂದೆರಡು ಸಲ, ಒಂದೊಂದು ಸಲಕ್ಕೆ 15ರಿಂದ 20 ನಿಮಿಷ ಅದರಲ್ಲಿ ಇರಿಸಬಹುದು. ಮೊಣಕೈ ಅದ್ದಿ ನೋಡಿದರೆ ಹಿತವೆನಿಸುವಷ್ಟೇ ಬಿಸಿಯಿರಬೇಕು. ಇದು ಎರಡು ಮೂರು ದಿನಗಳ ಕ್ರಮ. ಅದಕ್ಕಿಂತ ಹೆಚ್ಚು ದಿನ ನೆನೆಸಿದರೆ ಗೊರಸೇ ಮೆತ್ತಗಾಗಿ ಹೊಸ ಬಿರುಕಿಗೆ ದಾರಿಯಾಗುತ್ತದೆ. ನೆನೆಸಿದ ಬಳಿಕ ಒರೆಸಿ, ಪಟ್ಟನ್ನಿಟ್ಟು, ಹತ್ತಿಯನ್ನು ಸುತ್ತಿ, ಅದರ ಮೇಲೆ ಗಟ್ಟಿ ಬಟ್ಟೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ, ಅಗಲವಾದ ಅಂಟುಪಟ್ಟಿಯಿಂದ ಬಿಗಿಯಬೇಕು. ಮಕ್ಕಳ ಡೈಪರ್ ಕೂಡ ಇದಕ್ಕೆ ಚೆನ್ನಾಗಿ ಒದಗುತ್ತದೆ. ಕಟ್ಟು ಗೊರಸಿನ ಮೇಲಿರಬೇಕೇ ಹೊರತು ಅದರ ಮೇಲಿನ ಚರ್ಮವನ್ನು ಬಿಗಿಯಬಾರದು. ದಿನವೂ ಕಟ್ಟು ಬಿಚ್ಚಿ, ಕೀವಿನ ಪ್ರಮಾಣ ಕಡಿಮೆಯಾಗುತ್ತಿದೆಯೇ ಎಂದು ನೋಡಿ, ಹೊಸ ಕಟ್ಟು ಹಾಕಬೇಕು. ಕೀವು ನಿಂತ ಮೇಲೆ ನೆನೆಸುವುದನ್ನು ಬಿಟ್ಟು, ಪೊವಿಡೋನ್ ಅಯೊಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ರಂಧ್ರದಲ್ಲಿಟ್ಟು, ಗೊರಸನ್ನು ಒಣಗಿದ ಸ್ಥಿತಿಯಲ್ಲಿ ಕಾಯಬೇಕು. ಒಳಗೆ ಗಟ್ಟಿ ಪದರ ಬೆಳೆದು, ಕುಂಟುವಿಕೆ ಪೂರ್ತಿಯಾಗಿ ನಿಂತ ಮೇಲೆಯೇ ಲಾಳ, ಆಮೇಲೆ ಕೆಲಸ.

ಔಷಧಗಳ ವಿಷಯದಲ್ಲಿ ಎಚ್ಚರ ಅಗತ್ಯ. ಕೀವು ಸರಿಯಾಗಿ ಹೊರಹೋದರೆ ಸಾಮಾನ್ಯ ಪ್ರಕರಣಗಳಲ್ಲಿ ಆ್ಯಂಟಿಬಯೋಟಿಕ್ ಚುಚ್ಚುಮದ್ದಿನ ಅಗತ್ಯ ಬೀಳುವುದಿಲ್ಲ. ಮುಚ್ಚಿದ ಕೀವಿನ ಗೂಡಿಗೆ ರಕ್ತದ ಮೂಲಕ ಔಷಧ ಚೆನ್ನಾಗಿ ತಲುಪುವುದೂ ಇಲ್ಲ. ಸೋಂಕು ಆಳಕ್ಕಿಳಿದಿದ್ದರೆ, ಜ್ವರವಿದ್ದರೆ ಅದನ್ನು ವೈದ್ಯರೇ ನಿರ್ಧರಿಸುತ್ತಾರೆ. ನೋವು ನಿವಾರಕವನ್ನೂ ಅವರೇ ಕೊಡಬೇಕು. ಮನುಷ್ಯರಿಗೆಂದು ಮಾರುವ ಮಾತ್ರೆಗಳನ್ನು ಕುದುರೆಗೆ ತಿನ್ನಿಸಬಾರದು. ರಣಹದ್ದುಗಳ ಸಾಮೂಹಿಕ ಸಾವಿಗೆ ಕಾರಣವಾದ ಡೈಕ್ಲೋಫೆನಾಕ್ ಔಷಧವನ್ನು ಪಶುಚಿಕಿತ್ಸೆಯಲ್ಲಿ 2006ರಲ್ಲಿ ನಿಷೇಧಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳಿಗೂ ನಿಷೇಧ ಬಂದಿತು. ನೋವು ನಿವಾರಕ ಕೊಟ್ಟು, ಕುಂಟುವುದು ಮರೆಯಾಯಿತೆಂದು ಕುದುರೆಯನ್ನು ದುಡಿಸುವುದು ರೋಗವನ್ನು ಮುಚ್ಚಿಟ್ಟು ಬೆಳೆಸಿದಂತೆ.

ಗೊರಸಿನ ಕೀವಿಗಿಂತಲೂ ಹೆಚ್ಚು ಭಯಪಡಬೇಕಾದದ್ದು ಅದರ ಬೆನ್ನಿಗೆ ಬರಬಹುದಾದ ಧನುರ್ವಾಯುವಿಗೆ. ಈ ರೋಗದ ಬೀಜಾಣುಗಳು ಮಣ್ಣಿನಲ್ಲೂ ಲದ್ದಿಯಲ್ಲೂ ಇರುತ್ತವೆ. ಗಾಳಿಯಾಡದ ಆಳದ ಗಾಯವೇ ಅವು ಬೆಳೆಯಲು ತಕ್ಕ ಸ್ಥಳ. ಸಾಕುಪ್ರಾಣಿಗಳಲ್ಲೆಲ್ಲ ಕುದುರೆಯೇ ಇದಕ್ಕೆ ಅತಿ ಸುಲಭವಾಗಿ ತುತ್ತಾಗುವಂಥದು. ಮೈ ಬಿಗಿದುಕೊಳ್ಳುವುದು, ದವಡೆ ಕಚ್ಚಿಕೊಳ್ಳುವುದು, ಬಾಲ ಎತ್ತಿದಂತೆ ನಿಲ್ಲುವುದು, ಕಣ್ಣಿನ ಒಳರೆಪ್ಪೆ ಮುಂದೆ ಬರುವುದು ಇದರ ಚಿಹ್ನೆಗಳು. ಇವು ಕಾಣಿಸಿದ ಮೇಲೆ ಕುದುರೆ ಬದುಕುವುದು ಕಷ್ಟ. ಆದುದರಿಂದ ಮೊದಲು 4ರಿಂದ 6 ವಾರಗಳ ಅಂತರದಲ್ಲಿ ಎರಡು ಲಸಿಕೆಗಳನ್ನೂ ಬಳಿಕ ವೈದ್ಯರ ಸಲಹೆಯಂತೆ ಕಾಲಕಾಲಕ್ಕೆ ಬಲವರ್ಧಕ ಲಸಿಕೆಯನ್ನೂ ಹಾಕಿಸಬೇಕು. ಲಸಿಕೆಯಾಗದ ಕುದುರೆಗೆ ಗೊರಸಿನ ಗಾಯವಾದಾಗ ಕೂಡಲೇ ಪ್ರತಿವಿಷದ ಚುಚ್ಚುಮದ್ದು ಬೇಕಾಗುತ್ತದೆ. ಧನುರ್ವಾಯುವಿನ ಪ್ರತಿವಿಷದ ತತ್ತ್ವವನ್ನು 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟ ನಂತರ, ಅದನ್ನು ಮನುಷ್ಯರಿಗಾಗಿ ತಯಾರಿಸಿದ್ದು ಕುದುರೆಯ ರಕ್ತದ್ರವದಿಂದ. ನಮ್ಮ ದೇಶದಲ್ಲಿ ಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷವೂ ಕುದುರೆಯಿಂದಲೇ ಬರುತ್ತದೆ. ಇಷ್ಟು ಜನರ ಪ್ರಾಣ ಉಳಿಸಿದ ಪ್ರಾಣಿ ಒಂದು ಲಸಿಕೆಯಿಲ್ಲದೆ ಸಾಯುವುದು ನ್ಯಾಯವಲ್ಲ.

ಬಳಕೆಯಲ್ಲಿರುವ ಕೆಲವು ಅಪಾಯಕಾರಿ ಉಪಚಾರಗಳನ್ನೂ ಇಲ್ಲಿ ಹೇಳಬೇಕು. ಕಾಯಿಸಿದ ಎಣ್ಣೆಯನ್ನು ಗಾಯಕ್ಕೆ ಹೊಯ್ಯುವುದು, ಕಾದ ಕಬ್ಬಿಣದಿಂದ ಸುಡುವುದು, ಸೀಮೆಎಣ್ಣೆಯನ್ನೋ ಬಳಸಿ ಬಿಟ್ಟ ಯಂತ್ರದ ಎಣ್ಣೆಯನ್ನೋ ಸವರುವುದು ಜೀವಂತ ಅಂಗಾಂಶವನ್ನು ಕೊಲ್ಲುತ್ತವೆ. ಸಗಣಿ ಮೆತ್ತುವುದರಿಂದ ಧನುರ್ವಾಯುವಿನ ಬೀಜಾಣುಗಳನ್ನೇ ಗಾಯಕ್ಕೆ ಇಟ್ಟಂತಾಗಬಹುದು.

ಚಿಕಿತ್ಸೆ ಮಾಡದೆ ಬಿಟ್ಟ ಕೀವು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಗೊರಸಿನ ಗೋಡೆಯೊಳಗೆ ಮೇಲಕ್ಕೇರಿ, ಗೊರಸೂ ಚರ್ಮವೂ ಕೂಡುವ ಅಂಚಿನಲ್ಲಿ ಒಡೆಯುತ್ತದೆ. ಅಷ್ಟರವರೆಗೆ ಪ್ರಾಣಿ ಅನುಭವಿಸುವ ಯಾತನೆ ಅನಗತ್ಯವಾದದ್ದು. ಕೆಲವೊಮ್ಮೆ ಸೋಂಕು ಮೂಳೆಗೂ ತಗಲುತ್ತದೆ. ಬಹಳ ದಿನ ಒಂದೇ ಕಾಲಿನ ಮೇಲೆ ಭಾರ ಬಿದ್ದು ಆರೋಗ್ಯವಾಗಿದ್ದ ಎದುರು ಕಾಲಿನ ಗೊರಸೂ ಕೆಡಬಹುದು. ಕೀವು ಹೊರಬಂದು ಎರಡು ಮೂರು ದಿನಗಳಾದರೂ ಕುಂಟುವುದು ಕಡಿಮೆಯಾಗದಿದ್ದರೆ, ಅಥವಾ ಅದೇ ಗೊರಸಿನಲ್ಲಿ ಮತ್ತೆ ಮತ್ತೆ ಕೀವಾಗುತ್ತಿದ್ದರೆ ಎಕ್ಸ್-ರೇ ತೆಗೆಸುವುದು ಅವಶ್ಯ.

ತಡೆಗಟ್ಟುವ ಕ್ರಮಗಳಿಗೆ ಹಣಕ್ಕಿಂತ ಹೆಚ್ಚಾಗಿ ನಿಯಮ ಬೇಕು. ಕೆಲಸಕ್ಕೆ ಮುಂಚೆಯೂ ಕೆಲಸ ಮುಗಿದ ಮೇಲೂ ನಾಲ್ಕು ಗೊರಸುಗಳನ್ನು ಎತ್ತಿ, ಸಿಕ್ಕಿಕೊಂಡ ಕಲ್ಲು, ಮಣ್ಣು, ಲದ್ದಿಯನ್ನು ತೆಗೆಯಬೇಕು. ಲಾಯದ ನೆಲ ಒಣಗಿರಬೇಕು; ಮೂತ್ರದ ಒದ್ದೆ ನಿಲ್ಲಬಾರದು. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುವುದರಿಂದ 6ರಿಂದ 8 ವಾರಗಳಿಗೊಮ್ಮೆ ಕತ್ತರಿಸಿ ಸಮಮಾಡಿಸಬೇಕು. ಲಾಳ ಸವೆಯುವವರೆಗೆ ಕಾಯಬಾರದು. ಲಾಳ ಕಟ್ಟಿಸಿದ ಒಂದೆರಡು ದಿನಗಳಲ್ಲಿ ಕುದುರೆ ಕುಂಟಿದರೆ ಮೊಳೆಯ ಮೇಲೆ ಸಂಶಯಪಟ್ಟು ಲಾಳಗಾರನನ್ನು ಮರಳಿ ಕರೆಸಬೇಕು.

ನೆರವು ದೊರೆಯುವ ಸ್ಥಳಗಳೂ ತಿಳಿದಿರಬೇಕು. ಮುಂಬಯಿಯ ಪರೇಲಿನಲ್ಲಿ 1886ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜು, ಚೆನ್ನೈಯಲ್ಲಿ 1903ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜು ಇಂದಿಗೂ ಸೇವೆ ಸಲ್ಲಿಸುತ್ತಿವೆ. ಹಿಸ್ಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರವು ಕುದುರೆ, ಕತ್ತೆ, ಹೇಸರಗತ್ತೆಗಳ ರೋಗಗಳ ಕುರಿತು ಸಂಶೋಧನೆ ನಡೆಸುತ್ತಿದೆ. ಸಂಚಾರಿ ಪಶುಚಿಕಿತ್ಸಾ ಘಟಕಗಳ ವ್ಯವಸ್ಥೆಯಿರುವ ರಾಜ್ಯಗಳಲ್ಲಿ 1962 ಎಂಬ ಶುಲ್ಕರಹಿತ ಸಂಖ್ಯೆಗೆ ಕರೆ ಮಾಡಬಹುದು.

ಕುದುರೆ ಸಾಕದ ನಾಗರಿಕರಿಗೂ ಇದರಲ್ಲಿ ಪಾತ್ರವಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಅಧಿನಿಯಮದ 11ನೆಯ ಪ್ರಕರಣದಂತೆ ರೋಗ, ಗಾಯ, ನಿಶ್ಶಕ್ತಿಯಿಂದ ಕೆಲಸಕ್ಕೆ ಅನರ್ಹವಾದ ಪ್ರಾಣಿಯನ್ನು ದುಡಿಸುವುದು ಅಪರಾಧ. ಆದರೆ ಕಾನೂನಿಗಿಂತ ಮುಂಚೆ ಅಲ್ಲಿರುವವನು ಸವಾರ. ಏರುವ ಮುನ್ನ ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ ತೋರಿಸೆಂದು ಕೇಳುವುದು ಕಷ್ಟವಲ್ಲ. ನಡೆಯುವಾಗ ಪ್ರತಿ ಹೆಜ್ಜೆಗೂ ತಲೆ ಮೇಲೆ ಕೆಳಗೆ ಆಡಿಸುವ, ನಿಂತಾಗ ಮುಂಗಾಲೊಂದನ್ನು ಮುಂದೆ ಚಾಚಿ ಭಾರ ತಪ್ಪಿಸುವ ಕುದುರೆಯ ಮೇಲೆ ಕೂರಬಾರದು. ಅದರ ಒಡೆಯನನ್ನು ಬೈದು ಮುಂದೆ ಹೋಗುವುದಕ್ಕಿಂತ, ಇದು ಮೂಳೆಮುರಿತವಲ್ಲದಿರಬಹುದು, ಗುಣವಾಗುವ ರೋಗವಿರಬಹುದು, ವೈದ್ಯರಿಗೆ ತೋರಿಸಿ ಎಂದು ಹೇಳಿದರೆ ಪ್ರಾಣಿಗೂ ಕುಟುಂಬಕ್ಕೂ ಉಪಕಾರವಾಗುತ್ತದೆ.

ಪ್ರಾಣಿಗಳ ರೋಗವನ್ನು ಅರಿತು ನಾಡಿನ ನುಡಿಯಲ್ಲಿ ಬರೆದಿಡುವ ಪದ್ಧತಿ ಕನ್ನಡದಲ್ಲಿ ಹಳೆಯದು. 12ನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ ಅದಕ್ಕೆ ಸಾಕ್ಷಿ. ಕುದುರೆಯ ವೈದ್ಯವನ್ನು ಕುರಿತು ಅಭಿನವಚಂದ್ರನೂ ಕನ್ನಡದಲ್ಲಿ ಗ್ರಂಥ ರಚಿಸಿದ. ರೋಗದ ಜ್ಞಾನ ಪಂಡಿತರಲ್ಲೇ ಉಳಿಯದೆ ಲಾಯದವರೆಗೂ ಇಳಿಯಬೇಕೆಂಬುದು ಇಂಥ ಗ್ರಂಥಗಳ ಹಿಂದಿನ ಆಶಯ. ಇಂದಿನ ಪಶುವೈದ್ಯ ವಿಜ್ಞಾನ ಹೇಳುವುದೂ ಲಾಯದಲ್ಲಿ ನೆನಪಿಡಬಹುದಾದಷ್ಟು ಸರಳವಾಗಿದೆ: ಕುಂಟಿದ ಕುದುರೆಯನ್ನು ಅಂದೇ ನಿಲ್ಲಿಸಬೇಕು, ಗೊರಸನ್ನು ಮುಟ್ಟಿ ನೋಡಬೇಕು, ಚಾಕುವನ್ನು ಬಲ್ಲವರ ಕೈಗೆ ಬಿಡಬೇಕು, ಧನುರ್ವಾಯುವಿನ ಲಸಿಕೆಯನ್ನು ಮರೆಯಬಾರದು, ಪೂರ್ಣ ಗುಣವಾಗುವವರೆಗೆ ತಾಳ್ಮೆಯಿಂದ ಕಾಯಬೇಕು. ಕೆಲವು ದಿನಗಳ ಸಂಪಾದನೆಯನ್ನು ಬಿಟ್ಟುಕೊಟ್ಟ ಒಡೆಯನಿಗೆ ಅನೇಕ ವರ್ಷ ದುಡಿಯಬಲ್ಲ ಕುದುರೆ ಉಳಿಯುತ್ತದೆ.